ಡಾಕ್ಟರ್ ರೂಮಿನಲ್ಲೇ ಹತ್ತು ನಿಮಿಷದಲ್ಲಿ ಮಾಡಿದ ಕರುಳಿನ ಸ್ಕ್ಯಾನ್ ನಂಬಬಹುದಾ?

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಎರಡು ವರ್ಷದ ಹಿಂದೆ ಕ್ರೋನ್ಸ್ ಅನ್ನುವ ಕರುಳಿನ ಊತದ ಕಾಯಿಲೆ ಅಂತ ಗೊತ್ತಾಯಿತು. ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣಾಗಿತ್ತು. ನಾಲ್ಕು ತಿಂಗಳಿಂದ ಊತ ಇಳಿಸುವ ಅಡಾಲಿಮುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದೆ. ಮೊನ್ನೆ ಬೆಂಗಳೂರಿಗೆ ತೋರಿಸಲು ಹೋದಾಗ ಡಾಕ್ಟರ್ ತಮ್ಮ ರೂಮಿನಲ್ಲೇ ಮಲಗಿಸಿ ಹತ್ತು ನಿಮಿಷ ಸ್ಕ್ಯಾನ್ ಮಾಡಿ, "ಊತ ಚೆನ್ನಾಗಿ ಇಳಿದಿದೆ, ಈಗ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ನೋಡುವುದು) ಬೇಡ" ಅಂದರು. ಇಂಜೆಕ್ಷನ್ ಶುರು ಮಾಡುವ ಮುಂಚೆಯೂ ಹೀಗೇ ಒಮ್ಮೆ ನೋಡಿದ್ದರು. ನಮಗೆ ಅನುಮಾನ. ಕಾಯಿಲೆ ಗೊತ್ತಾಗುವ ಮೊದಲು ಊರಿನಲ್ಲಿ ಎರಡು ಸಲ ಹೊಟ್ಟೆ ಸ್ಕ್ಯಾನ್ ಮಾಡಿಸಿದ್ದೆವು. ಎರಡರಲ್ಲೂ ನಾರ್ಮಲ್ ಅಂತ ಬಂದಿತ್ತು. ಆಗ ಕಾಣದಿದ್ದದ್ದು ಈಗ ಕಾಣುತ್ತದಾ? ಇನ್ನು ಮುಂದೆ ಕೊಲೊನೋಸ್ಕೋಪಿ ಬೇಡವೇ ಬೇಡವಾ? ಅವನಿಗೆ ಈಗಲೂ ಆಗಾಗ ಹೊಟ್ಟೆ ಹಿಡಿದುಕೊಳ್ಳುತ್ತದೆ. ಈ ಸ್ಕ್ಯಾನ್ ಹಾಸನದಲ್ಲೇ ಮಾಡಿಸಬಹುದಾ? ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?
(ಒಬ್ಬ ತಾಯಿ, ಅರಸೀಕೆರೆ)

ಉತ್ತರ:

ನಮಸ್ಕಾರ ಅಮ್ಮ. ನಿಮ್ಮ ಅನುಮಾನ ಸರಿಯಾದದ್ದೇ. ಎರಡು ಸಲ ನಾರ್ಮಲ್ ಅಂತ ಬರೆದುಕೊಟ್ಟ ಮೇಲೆ ಮಗನಿಗೆ ಕ್ರೋನ್ಸ್ ಇದೆ ಅಂತ ಗೊತ್ತಾದರೆ, ಯಾವ ತಾಯಿಗೂ ಆ ಮೆಷಿನ್ ಮೇಲೆ ನಂಬಿಕೆ ಹೋಗುತ್ತದೆ. ಹಾಗಾಗಿ ಮೊದಲು ಆ ಹಳೇ ಸ್ಕ್ಯಾನ್‌ಗಳ ವಿಷಯವನ್ನೇ ಹೇಳುತ್ತೇನೆ.

ಊರಿನಲ್ಲಿ ಮಾಡಿಸಿದ ಹೊಟ್ಟೆ ಸ್ಕ್ಯಾನ್‌ನಲ್ಲಿ ನೋಡುವುದು ಲಿವರ್, ಪಿತ್ತಕೋಶ, ಕಿಡ್ನಿ, ಮೇದೋಜೀರಕ, ಗುಲ್ಮ, ಮೂತ್ರಕೋಶ. ಕಲ್ಲಿದೆಯಾ, ನೀರು ತುಂಬಿದೆಯಾ, ಗಡ್ಡೆ ಇದೆಯಾ, ಇಷ್ಟು. ಕರುಳು ಆ ಪಟ್ಟಿಯಲ್ಲಿ ಇರುವುದೇ ಕಡಿಮೆ. ಎಷ್ಟೋ ವರ್ಷ ಸ್ಕ್ಯಾನ್ ಮಾಡುವವರು ಕರುಳನ್ನು ಅಡ್ಡ ಬರುವ ವಸ್ತು ಅಂತಲೇ ನೋಡುತ್ತಿದ್ದರು. ಒಳಗೆ ಗಾಳಿ ಇರುತ್ತದೆ, ಗಾಳಿಯನ್ನು ಅಲ್ಟ್ರಾಸೌಂಡ್ ದಾಟುವುದಿಲ್ಲ, ಅದರ ಹಿಂದೆ ಏನಿದೆಯೋ ಕಾಣುವುದಿಲ್ಲ. ನಿಮ್ಮ ಹಳೇ ರಿಪೋರ್ಟ್ ತೆಗೆದು ನೋಡಿ, "ಗ್ಯಾಸ್ ಜಾಸ್ತಿ ಇದ್ದದ್ದರಿಂದ ಸರಿಯಾಗಿ ಕಾಣಲಿಲ್ಲ" ಅನ್ನುವ ಅರ್ಥದ ಒಂದು ಸಾಲು ಇದ್ದರೂ ಇರಬಹುದು. ನಾರ್ಮಲ್ ಅಂತ ಬರೆದವರು ಸುಳ್ಳು ಬರೆದಿಲ್ಲ. ಅವರನ್ನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ. ಕರುಳಿನ ಗೋಡೆ ಎಷ್ಟು ದಪ್ಪ ಇದೆ ಅಂತ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಕರುಳಿನ ಸ್ಕ್ಯಾನ್ ಅದೇ ಮೆಷಿನ್‌ನಲ್ಲಿ ಮಾಡುವ ಬೇರೆ ಕೆಲಸ. ಹೇಗೆ ಮಾಡುತ್ತೇವೆ ಅಂತ ಹೇಳಿದರೆ ನಿಮಗೆ ಧೈರ್ಯ ಬರಬಹುದು.

ಮೊದಲು ದೊಡ್ಡ, ಬಾಗಿದ ಮುಖದ ಪ್ರೋಬ್ (ಹೊಟ್ಟೆ ಮೇಲೆ ಇಟ್ಟು ಓಡಿಸುವ ಸಾಧನ) ಹಿಡಿದು ಹೊಟ್ಟೆ ಪೂರ್ತಿ ಒಂದು ಸುತ್ತು ನೋಡುತ್ತೇವೆ. ಅದು ಆಳದವರೆಗೂ ತೋರಿಸುತ್ತದೆ, ಆದರೆ ಸೂಕ್ಷ್ಮ ವಿವರ ಕಡಿಮೆ. ಆಮೇಲೆ ಅದನ್ನಿಟ್ಟು ನೇರ ಮುಖದ ಇನ್ನೊಂದು ಪ್ರೋಬ್ ತೆಗೆದುಕೊಳ್ಳುತ್ತೇವೆ. ಇದು ಜಾಸ್ತಿ ಫ್ರೀಕ್ವೆನ್ಸಿಯದ್ದು. ಆಳಕ್ಕೆ ಹೋಗುವುದಿಲ್ಲ, ಆದರೆ ಹತ್ತಿರದ್ದನ್ನು ಪದರ ಪದರವಾಗಿ ಬಿಡಿಸಿ ತೋರಿಸುತ್ತದೆ. ನಿಮ್ಮ ಮಗನ ಕಾಯಿಲೆ ಇರುವ ಜಾಗಕ್ಕೆ ಹೋಗಲು ನನಗೆ ದಾರಿ ತೋರಿಸುವುದು ಒಂದು ರಕ್ತನಾಳ. ಬಲಗಡೆ ಕೆಳಹೊಟ್ಟೆಯಲ್ಲಿ, ಸೊಂಟದ ಮೂಳೆಯಿಂದ ಸ್ವಲ್ಪ ಒಳಗೆ ಪ್ರೋಬ್ ಇಟ್ಟು ನಿಧಾನವಾಗಿ ಒತ್ತಿದರೆ, ಕಾಲಿಗೆ ಹೋಗುವ ದೊಡ್ಡ ರಕ್ತನಾಳ ಪರದೆಯ ಮೇಲೆ ಟಪ್ ಟಪ್ ಅಂತ ಬಡಿಯುತ್ತಿರುತ್ತದೆ. ಪಕ್ಕದಲ್ಲಿ ಸೋಯಾಸ್ ಅನ್ನುವ ದಪ್ಪ ಸ್ನಾಯು. ಸಣ್ಣ ಕರುಳಿನ ಕೊನೆಯ ಭಾಗ ಇವೆರಡರ ಮೇಲೆ ಹಾದು ದೊಡ್ಡ ಕರುಳನ್ನು ಸೇರುತ್ತದೆ. ಕರುಳು ಅಲ್ಲಿ ಇಲ್ಲಿ ಓಡಾಡುವ ವಸ್ತು, ಆದರೆ ಈ ಜಾಗದಲ್ಲಿ ಅದನ್ನು ಪ್ರತಿ ಸಲ ಹಿಡಿಯಬಹುದು. ಎಡಗಡೆಯೂ ಹೀಗೇ, ಅಲ್ಲಿನ ರಕ್ತನಾಳದ ಮೇಲೆ ದೊಡ್ಡ ಕರುಳಿನ ಸಿಗ್ಮಾಯ್ಡ್ ಭಾಗ ಸಿಗುತ್ತದೆ.

ಒತ್ತುವುದು ಸುಮ್ನೆ ಅಲ್ಲ. ಮೆತ್ತಗೆ ಒತ್ತಿದಾಗ ಒಳಗಿನ ಗಾಳಿ ಪಕ್ಕಕ್ಕೆ ಸರಿಯುತ್ತದೆ. ಜೊತೆಗೆ ಕರುಳು ಹೇಗೆ ವರ್ತಿಸುತ್ತದೆ ಅಂತಲೂ ಗೊತ್ತಾಗುತ್ತದೆ. ಆರೋಗ್ಯವಾದ ಸಣ್ಣ ಕರುಳು ಒತ್ತಿದರೆ ಅಪ್ಪಚ್ಚಿಯಾಗುತ್ತದೆ, ಬಿಟ್ಟರೆ ಮತ್ತೆ ಅಲೆಯಾಡುತ್ತದೆ, ಹುಳು ಹರಿದ ಹಾಗೆ ಅದರ ಚಲನೆ ಕಣ್ಣಿಗೇ ಕಾಣುತ್ತದೆ. ಊದಿದ ಕರುಳು ಹಾಗಲ್ಲ. ತೋಟಕ್ಕೆ ನೀರು ಬಿಡುವ ಪೈಪ್ ಥರ ಬಿಗಿಯಾಗಿ ನಿಂತಿರುತ್ತದೆ, ಒತ್ತಿದರೂ ಮಣಿಯುವುದಿಲ್ಲ. ರೋಗಿ "ಅಲ್ಲೇ ಡಾಕ್ಟ್ರೇ, ಅಲ್ಲೇ ನೋವು" ಅಂದಾಗ ಪರದೆ ಮೇಲೆ ಅದೇ ಜಾಗದಲ್ಲಿ ಆ ಬಿಗಿಯಾದ ಕೊಳವೆ ಕಾಣುವುದಿದೆಯಲ್ಲ, ಅದು ಯಾವ ರಿಪೋರ್ಟ್ ಕಾಗದವೂ ಕೊಡದ ಮಾಹಿತಿ. ಹಾಸಿಗೆ ಪಕ್ಕದಲ್ಲಿ ಚಿಕಿತ್ಸೆ ಕೊಡುವ ಡಾಕ್ಟರೇ ಸ್ಕ್ಯಾನ್ ಮಾಡುವುದರ ಲಾಭ ಇಲ್ಲೇ ಇದೆ. ಕೈ ಒಂದು ಕಡೆ ಒತ್ತುತ್ತಿರುತ್ತದೆ, ಬಾಯಿ ಪ್ರಶ್ನೆ ಕೇಳುತ್ತಿರುತ್ತದೆ, ಕಣ್ಣು ಎರಡನ್ನೂ ಜೋಡಿಸುತ್ತಿರುತ್ತದೆ.

ಆಮೇಲೆ ಅಳತೆ. ಕರುಳಿನ ಗೋಡೆ ಪರದೆ ಮೇಲೆ ಕಪ್ಪು ಬಿಳಿ ಗೆರೆಗಳಾಗಿ ಕಾಣುತ್ತದೆ, ಒಟ್ಟು ಐದು. ಅಡ್ಡ ಕೊಯ್ದ ಈರುಳ್ಳಿ ನೆನಪಿಸಿಕೊಳ್ಳಿ. ಒಳಗಿನ ಅಂಚಿನಿಂದ ಹೊರಗಿನ ಅಂಚಿನವರೆಗೆ ಎಷ್ಟು ದಪ್ಪ ಅಂತ ಅಳೆಯುತ್ತೇವೆ. ಉದ್ದಕ್ಕೂ ಅಡ್ಡಕ್ಕೂ ಒಂದಕ್ಕಿಂತ ಹೆಚ್ಚು ಸಲ ಅಳೆದು ಸರಾಸರಿ ತೆಗೆಯುತ್ತೇವೆ. 3 ಮಿಲಿಮೀಟರ್ ಒಳಗಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ದಪ್ಪಗಾಗಿದೆ ಅಂತ ಲೆಕ್ಕ. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಮ್ಮಿ ಅಷ್ಟು ಬರುತ್ತದೆ. ಕಾಯಿಲೆ ಜೋರಾಗಿದ್ದಾಗ 6, 7, ಕೆಲವು ಸಲ 9 ಮಿಲಿಮೀಟರ್ ನೋಡಿದ್ದೇನೆ.

ದಪ್ಪ ಒಂದೇ ಅಲ್ಲ. ಡಾಪ್ಲರ್ ಹಾಕಿದರೆ ಗೋಡೆಯೊಳಗಿನ ರಕ್ತದ ಓಟ ಬಣ್ಣದ ಚುಕ್ಕೆಗಳಾಗಿ ಕಾಣುತ್ತದೆ. ಪರದೆ ಮೇಲೆ ಕೆಂಪು ನೋಡಿ ತುಂಬಾ ಜನ ಗಾಬರಿಯಾಗುತ್ತಾರೆ, ಅಲ್ಲೇ ಹುಣ್ಣಿದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಸಾಮಾನ್ಯವಾಗಿ ಕೆಂಪು ಅಂದರೆ ರಕ್ತ ಪ್ರೋಬ್ ಕಡೆ ಬರುತ್ತಿದೆ, ನೀಲಿ ಅಂದರೆ ದೂರ ಹೋಗುತ್ತಿದೆ, ಅಷ್ಟೇ ಅರ್ಥ. ನಾವು ನೋಡುವುದು ಚುಕ್ಕೆ ಎಷ್ಟಿದೆ ಅಂತ. ಊತ ಇದ್ದ ಕಡೆಗೆ ದೇಹ ಜಾಸ್ತಿ ರಕ್ತ ಕಳಿಸುತ್ತದೆ, ಹಾಗಾಗಿ ಗೋಡೆ ತುಂಬಾ ಚುಕ್ಕೆ ಇದ್ದರೆ ಕಾಯಿಲೆ ಎದ್ದಿದೆ ಅಂತ. ಮತ್ತೆ ಪದರಗಳು ಬೇರೆ ಬೇರೆಯಾಗಿ ಉಳಿದಿವೆಯಾ, ಅಥವಾ ಕಲಸಿ ಒಂದೇ ಕಪ್ಪು ಪಟ್ಟಿಯಾಗಿದೆಯಾ ಅಂತ ನೋಡುತ್ತೇವೆ. ಸುತ್ತಲಿನ ಕೊಬ್ಬನ್ನೂ ನೋಡುತ್ತೇವೆ. ಕ್ರೋನ್ಸ್‌ನಲ್ಲಿ ಈ ಕೊಬ್ಬು ಉಬ್ಬಿ, ಬೆಳ್ಳಗಾಗಿ, ಕರುಳನ್ನು ಅಪ್ಪಿಕೊಂಡ ಹಾಗೆ ಸುತ್ತುವರಿಯುತ್ತದೆ. ದಪ್ಪ, ರಕ್ತದ ಓಟ, ಪದರ, ಕೊಬ್ಬು, ಈ ನಾಲ್ಕನ್ನೂ ಸೇರಿಸಿ ಅಂಕ ಕೊಡುವ ಪದ್ಧತಿಯೇ ಇದೆ. ಕರುಳಿನ ಅಲ್ಟ್ರಾಸೌಂಡ್ ಕೆಲಸ ಮಾಡುವ ಐಬಸ್ ಅನ್ನುವ ಅಂತರರಾಷ್ಟ್ರೀಯ ವೈದ್ಯರ ಗುಂಪು ಕ್ರೋನ್ಸ್‌ಗಾಗಿ ಅದನ್ನು ಮಾಡಿದೆ.

ಇನ್ನೊಂದು ಮುಖ್ಯ ವಿಷಯ. ಕ್ರೋನ್ಸ್ ಕರುಳಿನ ಒಳಮೈಯನ್ನು ಮಾತ್ರ ಹಿಡಿಯುವ ಕಾಯಿಲೆ ಅಲ್ಲ, ಇಡೀ ಗೋಡೆಯನ್ನು ಹಿಡಿಯುತ್ತದೆ. ಕೊಲೊನೋಸ್ಕೋಪಿ ಒಳಗಿನಿಂದ ಒಳಮೈ ತೋರಿಸುತ್ತದೆ. ಮನೆ ಒಳಗೆ ನಿಂತು ಗೋಡೆಯ ಸುಣ್ಣ ನೋಡಿದ ಹಾಗೆ. ಗೋಡೆಯೊಳಗೆ ತೇವ ಎಷ್ಟಿದೆ, ಹೊರಗಡೆ ಬಿರುಕು ಬಿಟ್ಟಿದೆಯಾ, ಪಕ್ಕದಲ್ಲಿ ಕೀವು ಕಟ್ಟಿದೆಯಾ ಅಂತ ನೋಡಲು ಸ್ಕ್ಯಾನ್ ಬೇಕು. ಹಾಗಾಗಿ ಈ ಕಾಯಿಲೆಯಲ್ಲಿ ಸ್ಕ್ಯಾನ್ ಅಂದರೆ ಕೊಲೊನೋಸ್ಕೋಪಿಯ ಬಡ ತಮ್ಮ ಅಂತ ತಿಳಿಯಬೇಡಿ. ಎರಡೂ ಬೇರೆ ಬೇರೆ ಕಡೆಯಿಂದ ನೋಡುತ್ತವೆ.

ಎಷ್ಟು ನಂಬಬಹುದು ಅನ್ನುವುದಕ್ಕೆ ಬರುತ್ತೇನೆ. ಬ್ರಿಟನ್‌ನಲ್ಲಿ ಮೆಟ್ರಿಕ್ ಅನ್ನುವ ಅಧ್ಯಯನ ನಡೆದು 2018ರಲ್ಲಿ ಪ್ರಕಟವಾಯಿತು. 284 ಕ್ರೋನ್ಸ್ ರೋಗಿಗಳಿಗೆ ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಮಾಡಿ ಹೋಲಿಸಿದರು. ಸಣ್ಣ ಕರುಳಿನಲ್ಲಿ ಕಾಯಿಲೆ ಇದ್ದವರ ಪೈಕಿ ಎಂಆರ್‌ಐ ಶೇ 97 ಜನರಲ್ಲಿ ಅದನ್ನು ಹಿಡಿಯಿತು, ಅಲ್ಟ್ರಾಸೌಂಡ್ ಶೇ 92 ಜನರಲ್ಲಿ. ಕಾಯಿಲೆ ಎಲ್ಲಿಂದ ಎಲ್ಲಿವರೆಗೆ ಹರಡಿದೆ ಅಂತ ಸರಿಯಾಗಿ ಹೇಳುವುದರಲ್ಲಿ ಎಂಆರ್‌ಐ ಶೇ 80, ಅಲ್ಟ್ರಾಸೌಂಡ್ ಶೇ 70. ಅಂದರೆ ಎಂಆರ್‌ಐ ಮುಂದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಆರ್‌ಐ ಎಷ್ಟು ಸಲ ಮಾಡಿಸುತ್ತೀರಿ? ಒಂದೂವರೆ ಲೀಟರ್‌ನಷ್ಟು ದ್ರವ ಕುಡಿಯಬೇಕು, ಮೆಷಿನ್ ಒಳಗೆ ಅರ್ಧ ಗಂಟೆಗೂ ಜಾಸ್ತಿ ಅಲ್ಲಾಡದೆ ಮಲಗಬೇಕು, ದುಡ್ಡು ಸುರಿಯಬೇಕು. ಸಿಟಿ ಮಾಡಿಸಿದರೆ ವಿಕಿರಣ. 22 ವರ್ಷದ ಹುಡುಗನಿಗೆ ಮುಂದೆ ಐವತ್ತು ವರ್ಷದ ಜೀವನ ಇದೆ, ವರ್ಷಕ್ಕೆ ಮೂರು ಸಲ ಸಿಟಿ ಮಾಡಿಸುತ್ತಾ ಕೂರಲು ಆಗುತ್ತದಾ?

ನನ್ನ ಮಾತಿನ ತಿರುಳು ಇಲ್ಲೇ ಇದೆ ಅಮ್ಮ. ಈ ಸ್ಕ್ಯಾನ್‌ನ ಬಲ ಒಂದು ಸಲ ನೋಡುವುದರಲ್ಲಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಅಳೆಯುವುದರಲ್ಲಿದೆ. ಮಗು ಬೆಳೆಯುತ್ತಿದೆಯಾ ಅಂತ ನೋಡಲು ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ಬರೆದುಕೊಳ್ಳುತ್ತಾರಲ್ಲ, ಹಾಗೆ. ಒಂದು ತಿಂಗಳ ತೂಕದಿಂದ ಹೇಳಬಹುದಾದದ್ದು ಸ್ವಲ್ಪವೇ. ಆರು ತಿಂಗಳ ತೂಕ ಸಾಲಾಗಿ ಬರೆದಿಟ್ಟರೆ ಮಗು ಎತ್ತ ಸಾಗುತ್ತಿದೆ ಅಂತ ಯಾರಿಗಾದರೂ ಕಾಣುತ್ತದೆ.

ಜರ್ಮನಿಯಲ್ಲಿ ಗ್ಯಾಸ್ಟ್ರೋ ಡಾಕ್ಟರ್‌ಗಳೇ ಸ್ಕ್ಯಾನ್ ಮಾಡುವ ಪದ್ಧತಿ ಬಹಳ ಹಿಂದಿನಿಂದ ಇದೆ, ಇಟಲಿಯಲ್ಲೂ ಇದೆ. ಜರ್ಮನಿಯ ಟ್ರಸ್ಟ್ ಅನ್ನುವ ಅಧ್ಯಯನದಲ್ಲಿ 234 ಕ್ರೋನ್ಸ್ ರೋಗಿಗಳನ್ನು ಚಿಕಿತ್ಸೆ ಬದಲಾಯಿಸಿದ ಮೇಲೆ ಒಂದು ವರ್ಷ ಹೀಗೆ ಹಿಂಬಾಲಿಸಿದರು. 3 ತಿಂಗಳಿಗೇ ಗೋಡೆಯ ದಪ್ಪ, ರಕ್ತದ ಓಟ ಎರಡೂ ಇಳಿದದ್ದು ಕಂಡಿತು. ನಿಮ್ಮ ಮಗನಿಗೆ ಈಗ ನಾಲ್ಕು ತಿಂಗಳು. ಇಂಜೆಕ್ಷನ್ ಹಿಡಿದಿದೆಯಾ ಇಲ್ಲವಾ ಅಂತ ತಿಳಿಯಲು ಇದು ಸರಿಯಾದ ಸಮಯ. ಡಾಕ್ಟರ್ ಸರಿಯಾದ ಹೊತ್ತಿಗೇ ಪ್ರೋಬ್ ಇಟ್ಟಿದ್ದಾರೆ.

ಆದರೆ ಒಂದು ಕೆಲಸ ನೀವು ಮಾಡಬೇಕು. "ಊತ ಚೆನ್ನಾಗಿ ಇಳಿದಿದೆ" ಅಂದರಲ್ಲ, ಎಷ್ಟರಿಂದ ಎಷ್ಟಕ್ಕೆ ಅಂತ ಕೇಳಿ. ಇಂಜೆಕ್ಷನ್‌ಗೆ ಮುಂಚೆ 6.5 ಇದ್ದು ಈಗ 3.2 ಆಗಿದ್ದರೆ ಅದು ಒಂದು ಕಥೆ. 5ರಿಂದ 4.6 ಆಗಿದ್ದರೆ ಬೇರೆಯದೇ ಕಥೆ. ಅರ್ಧ ಮಿಲಿಮೀಟರ್ ವ್ಯತ್ಯಾಸ ಅಳೆಯುವ ಕೈ ಬದಲಾದರೂ ಬರುತ್ತದೆ, ಅದನ್ನು ಇಳಿತ ಅಂತ ಲೆಕ್ಕಕ್ಕೆ ಹಿಡಿಯಬಾರದು. ದಪ್ಪ ಕಾಲು ಭಾಗಕ್ಕಿಂತ ಜಾಸ್ತಿ ಇಳಿದರೆ ಮದ್ದು ಕೆಲಸ ಮಾಡುತ್ತಿದೆ ಅಂತ ತಜ್ಞರು ಒಪ್ಪಿಕೊಂಡಿದ್ದಾರೆ. 3 ಮಿಲಿಮೀಟರ್ ಒಳಗೆ ಬಂದು ರಕ್ತದ ಓಟವೂ ತಣ್ಣಗಾದರೆ ಇಡೀ ಗೋಡೆ ವಾಸಿಯಾಗಿದೆ ಅಂತ ಹೇಳುತ್ತೇವೆ. 2021ರ ಅಂತರರಾಷ್ಟ್ರೀಯ ಸಲಹೆಯಲ್ಲಿ ಇದನ್ನು ತಲುಪಲೇಬೇಕಾದ ಗುರಿ ಅಂತ ಇಟ್ಟಿಲ್ಲ. ಆದರೆ ಅಲ್ಲಿಗೆ ಹೋದವರಿಗೆ ಒಳ್ಳೆಯದು ಅಂತ ಹೇಳಿದೆ. ನನ್ನ ಅನುಭವವೂ ಅದೇ.

ಹೀಗೆ ರೂಮಿನಲ್ಲೇ ಮಾಡಿದ ಸ್ಕ್ಯಾನ್‌ಗಳಲ್ಲಿ ದೊಡ್ಡ ತೊಂದರೆ ಏನು ಗೊತ್ತಾ? ಕಾಗದ ಇರುವುದಿಲ್ಲ. ಡಾಕ್ಟರ್ ನೋಡುತ್ತಾರೆ, ಹೇಳುತ್ತಾರೆ, ಮುಗಿಯಿತು. ಚೀಟಿಯಲ್ಲಿ "ಸ್ಕ್ಯಾನ್: ಬೆಟರ್" ಅಂತ ಎರಡು ಪದ. ಮುಂದೆ ಬೇರೆ ಡಾಕ್ಟರ್ ಹತ್ತಿರ ಹೋದರೆ, ರಾತ್ರಿ ಹೊಟ್ಟೆನೋವು ಬಂದು ಹಾಸನದಲ್ಲೇ ಅಡ್ಮಿಟ್ ಆದರೆ, ಆ ಎರಡು ಪದದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ನನ್ನ ರೋಗಿಗಳಿಗೆ ಫೈಲಿನ ಒಳರಟ್ಟಿನ ಮೇಲೇ ಬರೆದುಕೊಡುತ್ತೇನೆ. ತಾರೀಖು, ಯಾವ ಜಾಗ, ಎಷ್ಟು ಮಿಲಿಮೀಟರ್, ಎಷ್ಟು ಉದ್ದ, ಡಾಪ್ಲರ್ ಹೇಗಿದೆ. ಶಾಲೆಯಲ್ಲಿ ಪಾಠ ಹೇಳುವ ಒಬ್ಬ ಹೆಣ್ಣುಮಗಳು ಆ ರಟ್ಟನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದಾರೆ. ಅವರ ಸಾಲು ಹೀಗಿದೆ: 7.1, 5.4, 3.6, 2.8. ಆಮೇಲೆ ಒಂದು ವರ್ಷ ಬಿಟ್ಟು 4.9. ಆ ಕೊನೆಯ ದಿನ ಅವರಿಗೆ ಏನೂ ತೊಂದರೆ ಇರಲಿಲ್ಲ, ತೂಕವೂ ಸರಿಯಾಗಿತ್ತು, "ಚೆನ್ನಾಗಿದೀನಿ ಡಾಕ್ಟ್ರೇ, ಸುಮ್ನೆ ತೋರಿಸಿ ಹೋಗೋಣ ಅಂತ ಬಂದೆ" ಅಂದರು. ಪ್ರೋಬ್ ಇಟ್ಟಾಗ ಗೋಡೆ ದಪ್ಪ, ಡಾಪ್ಲರ್ ಹಾಕಿದರೆ ಚುಕ್ಕೆ ಚುಕ್ಕೆ. ಮೆಲ್ಲಗೆ ವಿಚಾರಿಸಿದರೆ ಮದುವೆ ಓಡಾಟದಲ್ಲಿ ಎರಡು ಮೂರು ಇಂಜೆಕ್ಷನ್ ತಪ್ಪಿತ್ತು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಲ್ಲೂ ಊತ ಏರಿದ್ದು ಕಂಡಿತು. ನೋವು ಶುರುವಾಗುವ ಮುಂಚೆಯೇ ಸಿಕ್ಕಿತು ಅಲ್ವಾ? ಇದಕ್ಕೇ ನಾನು ಈ ಸ್ಕ್ಯಾನ್ ಬಗ್ಗೆ ಇಷ್ಟು ಹಚ್ಚಿಕೊಂಡು ಮಾತಾಡುವುದು.

ಇದರ ತಿರುಗುಮುರುಗೂ ನಡೆಯುತ್ತದೆ. ನಿಮ್ಮ ಮಗನಿಗೆ ಆಗಾಗ ಹೊಟ್ಟೆ ಹಿಡಿದುಕೊಳ್ಳುತ್ತದೆ ಅಂದಿರಿ. ಕ್ರೋನ್ಸ್‌ನಲ್ಲಿ ನೋವಿಗೂ ಊತಕ್ಕೂ ತಾಳೆ ಆಗಲೇಬೇಕು ಅಂತ ಇಲ್ಲ. ಊತ ಇಳಿದ ಮೇಲೂ ಕರುಳು ಸೂಕ್ಷ್ಮವಾಗಿ ಉಳಿದು ನೋವು ಕೊಡಬಹುದು. ಹಾಲು ಅರಗದೆ ಇರಬಹುದು. ಸಣ್ಣ ಕರುಳಿನ ಕೊನೆ ಹಾಳಾಗಿದ್ದರೆ ಪಿತ್ತರಸ ಹೀರಿಕೊಳ್ಳದೆ ಭೇದಿ ಆಗಬಹುದು. ಗೋಡೆ ತೆಳ್ಳಗಿದ್ದು, ಮಲದ ಪರೀಕ್ಷೆಯೂ ಸರಿ ಇದ್ದರೆ, ಮದ್ದು ಜಾಸ್ತಿ ಮಾಡುವುದು ತಪ್ಪು ದಾರಿ. ಆದರೆ ಒಂದು ಲಕ್ಷಣ ಗಮನಿಸಿ. ಊಟ ಆಗಿ ಒಂದೆರಡು ಗಂಟೆಗೆ ಹೊಟ್ಟೆ ಉಬ್ಬಿ, ಹಿಂಡಿದ ಹಾಗೆ ನೋವು ಬಂದು, ಗುಳುಗುಳು ಸದ್ದಾಗಿ, ಆಮೇಲೆ ತಾನಾಗೇ ಬಿಟ್ಟರೆ, ಕರುಳು ಎಲ್ಲೋ ಕಿರಿದಾಗಿದೆಯಾ ಅಂತ ನೋಡಬೇಕು. ಹಳೇ ಗಾಯ ಒಣಗಿ ಗಟ್ಟಿಯಾದರೆ ಹೀಗಾಗುತ್ತದೆ. ಸ್ಕ್ಯಾನ್‌ನಲ್ಲಿ ಕಿರಿದಾದ ಜಾಗಕ್ಕೆ ಮುಂಚಿನ ಕರುಳು ಎರಡೂವರೆ ಮೂರು ಸೆಂಟಿಮೀಟರ್ ಮೀರಿ ಹಿಗ್ಗಿರುವುದು ಕಾಣುತ್ತದೆ, ಒಳಗಿನ ನೀರು ಮುಂದೆ ಹೋಗಲಾರದೆ ಹಿಂದೆ ಮುಂದೆ ತೂಗಾಡುತ್ತಿರುತ್ತದೆ. ಮುಂದಿನ ಸಲ ಹೋದಾಗ ಈ ನೋವು ಊಟದ ಜೊತೆ ಹೇಗೆ ಬರುತ್ತದೆ ಅಂತ ಮಗನೇ ಡಾಕ್ಟರ್‌ಗೆ ಬಿಡಿಸಿ ಹೇಳಲಿ.

ಇನ್ನು ಕೊಲೊನೋಸ್ಕೋಪಿ ಬೇಡವೇ ಬೇಡವಾ ಅಂದರೆ, ಹಾಗಲ್ಲ. ಈಗ ಬೇಡ ಅಂದಿದ್ದಾರೆ, ಎಂದೂ ಬೇಡ ಅಂದಿಲ್ಲ. ಕಾಯಿಲೆ ಮೊದಲು ಪತ್ತೆ ಮಾಡುವಾಗ ಕೊಲೊನೋಸ್ಕೋಪಿ ಬೇಕೇ ಬೇಕು, ಬಯಾಪ್ಸಿ ಬೇಕೇ ಬೇಕು. ನಮ್ಮ ದೇಶದಲ್ಲಂತೂ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಕರುಳಿನ ಕ್ಷಯ ಅದೇ ಜಾಗಕ್ಕೆ ಬರುತ್ತದೆ, ಅದೇ ಥರ ಗೋಡೆ ದಪ್ಪ ಮಾಡುತ್ತದೆ, ಅದೇ ಥರ ಜ್ವರ, ತೂಕ ಇಳಿತ. ಸ್ಕ್ಯಾನ್ ಸುಳಿವು ಕೊಡುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ನಡುವೆ ಕೊಳೆತು ಕಪ್ಪಾದ ದೊಡ್ಡ ದುಗ್ಧಗ್ರಂಥಿಗಳಿದ್ದರೆ ಕ್ಷಯದ ಕಡೆ ಮನಸ್ಸು ವಾಲುತ್ತದೆ. ಆದರೆ ಸುಳಿವಿನ ಮೇಲೆ ವರ್ಷಗಟ್ಟಲೆ ಮದ್ದು ಕೊಡಲು ಆಗುವುದಿಲ್ಲ, ಚೂರು ತೆಗೆದು ಪರೀಕ್ಷೆ ಮಾಡಲೇಬೇಕು. ಅಡಾಲಿಮುಮ್ಯಾಬ್ ಶುರು ಮಾಡುವ ಮುಂಚೆ ನಿಮ್ಮ ಮಗನಿಗೆ ಎದೆ ಎಕ್ಸ್‌ರೇ, ಕ್ಷಯದ ರಕ್ತ ಅಥವಾ ಚರ್ಮ ಪರೀಕ್ಷೆ ಮಾಡಿಸಿರುತ್ತಾರೆ. ಒಳಗೆ ಮಲಗಿರುವ ಕ್ಷಯವನ್ನು ಆ ಇಂಜೆಕ್ಷನ್ ಎಬ್ಬಿಸಬಹುದು, ಅದಕ್ಕೆ. ಈಗಲೂ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಏನಾದರೂ ಶುರುವಾದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಅದೇ ವಾರ ಫೋನ್ ಮಾಡಿ ತಿಳಿಸಿ.

ಸ್ಕ್ಯಾನ್ ಕಾಣದ ಜಾಗಗಳೂ ಇವೆ. ಗುದನಾಳ ಸೊಂಟದ ಮೂಳೆಯ ಗುಂಡಿಯಲ್ಲಿ ಆಳಕ್ಕೆ ಇರುತ್ತದೆ, ಹೊಟ್ಟೆ ಮೇಲಿಂದ ಸರಿಯಾಗಿ ಸಿಗುವುದಿಲ್ಲ. ಇದನ್ನು ನಾನು ಒಬ್ಬ ರೋಗಿಯಿಂದ ಕಲಿತೆ. ಕೆಲಸ ಕಲಿತ ಹೊಸದರಲ್ಲಿ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಮೈ ಊದಿ ಹುಣ್ಣಾಗುವ ಕಾಯಿಲೆ) ಇದ್ದ ಒಬ್ಬರು ಬಂದಿದ್ದರು. ಮಲದಲ್ಲಿ ರಕ್ತ ಬೀಳುತ್ತಿತ್ತು. ನಾನು ಹೊಟ್ಟೆ ಪೂರ್ತಿ ಸ್ಕ್ಯಾನ್ ಮಾಡಿ, ಎಲ್ಲಾ ಕಡೆ ಗೋಡೆ ತೆಳ್ಳಗಿದೆ, ಮೂಲವ್ಯಾಧಿ ಇರಬಹುದು ಅಂತ ಕಳಿಸಿದೆ. ಮೂರು ವಾರ ಬಿಟ್ಟು ಇನ್ನೂ ಜಾಸ್ತಿ ರಕ್ತ ಹೋಗಿ ಬಂದರು. ಚಿಕ್ಕ ಸ್ಕೋಪ್ ಹಾಕಿ ನೋಡಿದರೆ ಗುದನಾಳದ ಕೊನೆಯ ಹತ್ತು ಸೆಂಟಿಮೀಟರ್ ಪೂರ್ತಿ ಕೆಂಪು, ಮುಟ್ಟಿದರೆ ರಕ್ತ. ಆ ಮೂರು ವಾರದ ನೋವು ನನ್ನಿಂದ ಆದದ್ದು. ಅವತ್ತಿನಿಂದ ರಕ್ತ ಬೀಳುತ್ತಿರುವವರಿಗೆ ಬರೀ ಹೊಟ್ಟೆ ಸ್ಕ್ಯಾನ್ ನೋಡಿ ಸರಿಯಾಗಿದೆ ಅಂತ ನಾನು ಹೇಳುವುದಿಲ್ಲ. ಬೇಕಾದರೆ ಕೆಳಗಿನಿಂದ, ಗುದದ್ವಾರದ ಮುಂದಿನ ಚರ್ಮದ ಮೇಲೆ ಪ್ರೋಬ್ ಇಟ್ಟು ನೋಡುವ ವಿಧಾನ ಇದೆ, ಇಲ್ಲವಾದರೆ ಸ್ಕೋಪ್. ಮೈ ತುಂಬಾ ದಪ್ಪ ಇದ್ದವರಲ್ಲೂ ಕಷ್ಟ, ಬೊಜ್ಜು ದಾಟಿ ಹೋಗುವಷ್ಟರಲ್ಲಿ ಚಿತ್ರ ಮಸುಕಾಗುತ್ತದೆ. ಸಣ್ಣ ಕರುಳಿನ ಮೇಲ್ಭಾಗವೂ ಪೂರ್ತಿ ಸಿಗುವುದಿಲ್ಲ. ದೊಡ್ಡ ಕರುಳಿನಲ್ಲಿ ಬಹಳ ವರ್ಷ ಕಾಯಿಲೆ ಇದ್ದವರಿಗೆ ಸುಮಾರು 8 ವರ್ಷದ ಮೇಲೆ ಕ್ಯಾನ್ಸರ್ ಮುನ್ಸೂಚನೆ ಹುಡುಕಲು ಕೊಲೊನೋಸ್ಕೋಪಿ ಮಾಡುತ್ತೇವೆ, ಅದಕ್ಕೆ ಸ್ಕ್ಯಾನ್ ಬದಲಿ ಅಲ್ಲ.

ವಾರ್ಡಿನಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ನಿಮ್ಮ ಮಗನಿಗೆ ನೇರ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಅಲ್ಸರೇಟಿವ್ ಕೊಲೈಟಿಸ್ ಜೋರಾಗಿ ಎದ್ದು, ದಿನಕ್ಕೆ ಹತ್ತು ಹನ್ನೆರಡು ಸಲ ರಕ್ತಭೇದಿ ಆಗಿ ಅಡ್ಮಿಟ್ ಆದವರಿಗೆ ಸ್ಟೆರಾಯ್ಡ್ ಅನ್ನು ರಕ್ತನಾಳಕ್ಕೆ ಕೊಡುತ್ತೇವೆ. ಮೂರನೇ ದಿನ ತೀರ್ಮಾನ ಮಾಡಬೇಕು. ಮದ್ದು ಹಿಡಿಯುತ್ತಿದೆಯಾ, ಇಲ್ಲ ಬೇರೆ ಮದ್ದಿಗೆ ಹೋಗಬೇಕಾ, ಆಪರೇಷನ್ ಮಾಡುವವರನ್ನು ಕರೆಯಬೇಕಾ? ತಡ ಮಾಡಿದರೆ ಜೀವಕ್ಕೇ ಅಪಾಯ. ಅಂಥವರನ್ನು ಎಬ್ಬಿಸಿ ಎಂಆರ್‌ಐಗೆ ಕರೆದುಕೊಂಡು ಹೋಗುವುದು ಹಿಂಸೆ. ಹಾಸಿಗೆ ಪಕ್ಕಕ್ಕೇ ಮೆಷಿನ್ ತಳ್ಳಿಕೊಂಡು ಹೋಗಿ ಮೊದಲ ದಿನ ಒಮ್ಮೆ, 48 ಗಂಟೆ ಬಿಟ್ಟು ಇನ್ನೊಮ್ಮೆ ಅಳೆದರೆ ಸಾಕು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡೇ ದಿನದಲ್ಲಿ ಗೋಡೆಯ ದಪ್ಪ ಶೇ 20ಕ್ಕಿಂತ ಜಾಸ್ತಿ ಇಳಿದವರಲ್ಲಿ ಹೆಚ್ಚಿನವರಿಗೆ ಸ್ಟೆರಾಯ್ಡ್ ಹಿಡಿಯಿತು, ಇಳಿಯದವರಲ್ಲಿ ಬಹಳ ಮಂದಿಗೆ ಹಿಡಿಯಲಿಲ್ಲ. 56 ರೋಗಿಗಳ ಚಿಕ್ಕ ಅಧ್ಯಯನ, ಅದೊಂದರ ಮೇಲೇ ತೀರ್ಮಾನ ಮಾಡುವುದಿಲ್ಲ, ಎಷ್ಟು ಸಲ ಭೇದಿ ಆಯಿತು, ರಕ್ತದಲ್ಲಿ ಊತ ತೋರಿಸುವ ಸಿಆರ್‌ಪಿ ಎಷ್ಟಿದೆ ಅನ್ನುವುದನ್ನೂ ನೋಡುತ್ತೇವೆ. ಆದರೆ ರೋಗಿಯ ಅಣ್ಣನೋ ಅಪ್ಪನೋ ಬಾಗಿಲಲ್ಲಿ ನಿಂತು "ಏನಾದರೂ ಪರವಾಗಿಲ್ವಾ ಸಾರ್" ಅಂತ ಕೇಳುವಾಗ, ಮೊನ್ನೆ 8 ಇತ್ತು ಇವತ್ತು 6 ಇದೆ ಅಂತ ಹೇಳಲು ಕೈಯಲ್ಲಿ ಏನಾದರೂ ಇರುವುದು ಎಷ್ಟು ದೊಡ್ಡ ವಿಷಯ ಅಂತ ಆ ಜಾಗದಲ್ಲಿ ನಿಂತವರಿಗೇ ಗೊತ್ತು.

ಬಸುರಿ ಹೆಂಗಸರಿಗೂ ಮಕ್ಕಳಿಗೂ ಇದು ವರವೇ. ವಿಕಿರಣ ಇಲ್ಲ, ಮಂಪರು ಬರಿಸುವ ಅಗತ್ಯ ಇಲ್ಲ, ಮಗು ಅಮ್ಮನ ಪಕ್ಕದಲ್ಲೇ ಮಲಗಿರಬಹುದು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಮಾತ್ರ ಗರ್ಭಕೋಶ ಕರುಳನ್ನು ಮೇಲೆ ತಳ್ಳಿ ಹುಡುಕುವುದು ಕಷ್ಟ ಮಾಡುತ್ತದೆ.

ಹಾಸನದಲ್ಲಿ ಮಾಡಿಸಬಹುದಾ ಅಂದಿರಿ. ಮೆಷಿನ್ ಸಿಗುತ್ತದೆ. ಕೇಳಬೇಕಾದದ್ದು ಕರುಳು ನೋಡಲು ಕಲಿತ ಕೈ ಅಲ್ಲಿದೆಯಾ ಅಂತ. ಇದನ್ನು ಕಲಿಯಲು ನೂರಾರು ಕರುಳು ನೋಡಬೇಕು, ಅನುಭವಸ್ಥರ ಪಕ್ಕದಲ್ಲಿ ನಿಂತು ನೋಡಬೇಕು. ಜೊತೆಗೆ ನಮ್ಮಲ್ಲಿ ಇನ್ನೊಂದು ವಿಷಯ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಮೆಷಿನ್ ನೋಂದಣಿ ಆಗಿರಬೇಕು, ಎಲ್ಲಿ ಇಡುತ್ತೇವೆ, ಯಾರು ಬಳಸುತ್ತೇವೆ ಅಂತ ತೋರಿಸಬೇಕು, ಹೊತ್ತು ಓಡಾಡುವ ಮೆಷಿನ್‌ಗಂತೂ ಇನ್ನೂ ಬಿಗಿ. ಸ್ಕ್ಯಾನ್ ಸೆಂಟರ್ ಬಾಗಿಲಲ್ಲಿ ಆ ಬೋರ್ಡ್ ನೀವೂ ನೋಡಿರುತ್ತೀರಿ. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಕಾಯ್ದೆ, ಅದು ಬೇಕು, ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಬೇರೆ ದೇಶದ ಡಾಕ್ಟರ್‌ಗಳ ಹಾಗೆ ಜೇಬಿನಲ್ಲಿ ಚಿಕ್ಕ ಪ್ರೋಬ್ ಇಟ್ಟುಕೊಂಡು ಎಲ್ಲೆಂದರಲ್ಲಿ ನೋಡುವುದು ಇಲ್ಲಿ ಆಗದು, ಹಾಗಾಗಿ ಈ ಸೌಲಭ್ಯ ಇರುವ ಗ್ಯಾಸ್ಟ್ರೋ ಡಾಕ್ಟರ್‌ಗಳೂ ಇನ್ನೂ ಕಡಿಮೆ.

ನೀವು ಹೀಗೆ ಮಾಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋದಾಗ ಅದೇ ಡಾಕ್ಟರ್ ಕೈಯಲ್ಲೇ ನೋಡಿಸಿ. ಅಳೆಯುವ ಕೈ ಒಂದೇ ಇದ್ದರೆ ಅಂಕಿಗೆ ಬೆಲೆ ಜಾಸ್ತಿ. ನಡುವೆ ರಕ್ತ ಪರೀಕ್ಷೆ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಬೇಕಾದರೆ ಹಾಸನದಲ್ಲೇ ಲ್ಯಾಬ್‌ಗೆ ಕೊಟ್ಟು ಮಾಡಿಸಿ. ಅದಕ್ಕೆ ಮುಂಚೆ ಮಗ ನೋವಿಗೆ ಅಂತ ಬ್ರೂಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗಿಲ್ಲ ಅಂತ ನೋಡಿಕೊಳ್ಳಿ. ಅವು ಆ ಪರೀಕ್ಷೆಯ ಅಂಕಿಯನ್ನೂ ಏರಿಸುತ್ತವೆ, ಕಾಯಿಲೆಯನ್ನೂ ಕೆಣಕಬಹುದು. ತುರ್ತಾಗಿ ಹಾಸನದಲ್ಲಿ ಸ್ಕ್ಯಾನ್ ಮಾಡಿಸಬೇಕಾಗಿ ಬಂದರೆ ಬರೀ "ಹೊಟ್ಟೆ ಸ್ಕ್ಯಾನ್" ಅಂತ ಕೇಳಬೇಡಿ. "ಕ್ರೋನ್ಸ್ ಇದೆ, ಬಲಗಡೆ ಸಣ್ಣ ಕರುಳಿನ ಕೊನೆಯ ಗೋಡೆ ದಪ್ಪ ಅಳೆದು ಬರೆಯಿರಿ, ಕೀವು ಕಟ್ಟಿದೆಯಾ ನೋಡಿ" ಅಂತ ಚೀಟಿಯಲ್ಲೇ ಬರೆಸಿ. ಏನು ಹುಡುಕಬೇಕು ಅಂತ ಗೊತ್ತಿದ್ದರೆ ರೇಡಿಯಾಲಜಿಸ್ಟ್ ನೇರ ಪ್ರೋಬ್ ತೆಗೆದು ನೋಡುತ್ತಾರೆ.

ಖಾಲಿ ಹೊಟ್ಟೆ ಕಡ್ಡಾಯ ಅಲ್ಲ. ಭೇದಿ ಪೌಡರ್ ಕುಡಿಯುವುದೂ ಬೇಡ. ನಾಲ್ಕು ಗಂಟೆ ಏನೂ ತಿನ್ನದೆ ಇದ್ದರೆ ಗಾಳಿ ಕಡಿಮೆ ಇರುತ್ತದೆ, ನೋಡಲು ಸುಲಭ. ಊಟ ಆದ ಮೇಲೆ ಕರುಳಿಗೆ ರಕ್ತದ ಓಟ ತಾನಾಗೇ ಏರುತ್ತದೆ, ಹಾಗಾಗಿ ಒಂದು ಸಲ ಖಾಲಿ ಹೊಟ್ಟೆ, ಇನ್ನೊಂದು ಸಲ ಊಟ ಮಾಡಿ ಹೋಗುವುದು ಬೇಡ, ಪ್ರತಿ ಸಲ ಒಂದೇ ರೀತಿ ಹೋಗಲಿ. ಅರಸೀಕೆರೆಯಿಂದ ಬೆಳಗಿನ ಟ್ರೇನ್ ಹಿಡಿದರೆ ಹತ್ತುವ ಮುಂಚೆ ಎರಡು ಇಡ್ಲಿ ತಿನ್ನಲಿ, ಆಮೇಲೆ ನೀರು ಮಾತ್ರ. ಸೋಡಾ, ಕೂಲ್ ಡ್ರಿಂಕ್ಸ್ ಬೇಡ. ಮೂತ್ರ ತುಂಬಾ ಕಟ್ಟಿಕೊಂಡು ಕೂರುವುದೂ ಬೇಡ. ಹೋದ ತಕ್ಷಣ ಮೊನ್ನೆಯದೂ ಅದಕ್ಕೆ ಹಿಂದಿನದೂ ಎರಡು ಅಂಕಿ ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಿ, ಅದರ ಕೆಳಗೆ ಅವತ್ತಿನದು.